ಐದಕ್ಕೇ ಕತ್ತಲಾಗುವ ದ್ವೀಪಕ್ಕೆ ಕ್ರಿಸ್‌ಮಸ್ ರಜೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಹುಬ್ಬಳ್ಳಿಯ ಅರ್ಧ ಜನ ಗೋವಾದಲ್ಲಿ, ಇನ್ನರ್ಧ ಗೋಕರ್ಣದಲ್ಲಿ. ಅಷ್ಟು ದೂರ ಹೋಗಿ ಕೊನೆಗೆ ಭೇಟಿಯಾಗುವುದು ನಮ್ಮ ವಿದ್ಯಾನಗರದವರನ್ನೇ! ಅದಕ್ಕೇ ಒಂದು ವರ್ಷ ನಾವು ಅಂಡಮಾನಿನ ನೀಲ್ ದ್ವೀಪ ಹಿಡಿದೆವು. ನಿಮಗೂ ಮನಸ್ಸಿದ್ದರೆ ಹೀಗೆ ಹೊರಡಿ. ನಾವು ಎಡವಿದ ಜಾಗಗಳನ್ನೂ ಹೇಳುತ್ತೇನೆ.

ಮೊದಲು ದ್ವೀಪ ಗೊತ್ತು ಮಾಡಿ

ನಮಗೆ ಹತ್ತಿರದ್ದು ಮುರುಡೇಶ್ವರದ ಎದುರಿನ ನೇತ್ರಾಣಿ. ಆದರೆ ಅಲ್ಲಿ ನೀರಿಗಿಳಿದು ಮೀನು ನೋಡಿ ಅದೇ ದಿನ ವಾಪಸ್ ಬರಬೇಕು, ಉಳಿಯುವಂತಿಲ್ಲ. ಲಕ್ಷದ್ವೀಪ ಚೆಂದ, ಆದರೆ ನಮ್ಮ ದೇಶದವರಿಗೂ ಪರ್ಮಿಟ್ ಬೇಕು. ನೀಲ್‌ಗೆ ಆ ತಾಪತ್ರಯವಿಲ್ಲ. ಎಲ್ಲರ ಆಧಾರ್ ಕಾರ್ಡ್ ಇದ್ದರೆ ಸಾಕು. ನಿಕೋಬಾರ್ ಮಾತ್ರ ಬೇರೆ ಲೆಕ್ಕ. ಅಲ್ಲಿಗೆ ಸುಮ್ನೆ ತಿರುಗಾಡಲು ಹೋಗಲಾಗದು.

ಟಿಕೆಟ್ ಹುಡುಕುವಾಗ ಹೆಸರಿನ ಗೊಂದಲವೊಂದಿದೆ. 2018ರ ಡಿಸೆಂಬರ್‌ನಿಂದ ನೀಲ್ ಎಂದರೆ ಶಹೀದ್ ದ್ವೀಪ, ಹ್ಯಾವ್‌ಲಾಕ್ ಎಂದರೆ ಸ್ವರಾಜ್ ದ್ವೀಪ. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಎರಡೂ ಹೆಸರು ಹಾಕಿ ಹುಡುಕಿ.

ಲೆಕ್ಕ ಹಿಂದಿನಿಂದ ಹಾಕಿ

ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದದ್ದೆಲ್ಲ ಸಲೀಸು. ನಾವೆಲ್ಲ ಮಾಡುವುದೇನು? ಹೋಗುವ ಟಿಕೆಟ್ ಮೊದಲು, ಬರುವುದು ಆಮೇಲೆ ನೋಡೋಣ ಅನ್ನುತ್ತೇವೆ. ದ್ವೀಪಕ್ಕೆ ಆ ಪದ್ಧತಿ ನಡೆಯುವುದಿಲ್ಲ. ನೀಲ್‌ನಲ್ಲಿ ವಿಮಾನ ನಿಲ್ದಾಣವಿಲ್ಲ. ಹೋಗುವುದೂ ಬರುವುದೂ ಬೋಟಿನಲ್ಲೇ. ಸಮುದ್ರ ಕೆಟ್ಟರೆ ಬೋಟ್ ನಿಂತಿತು, ನಿಮ್ಮ ವಿಮಾನ ಹೋಯಿತು. ಹಾಗಾಗಿ ವಾಪಸ್ ಬರುವ ವಿಮಾನ ಮೊದಲು ಬುಕ್ ಮಾಡಿ. ಅದರ ಹಿಂದಿನ ದಿನವೇ ಶ್ರೀ ವಿಜಯಪುರಂಗೆ ಮರಳುವ ಬೋಟ್ ಹಿಡಿಯಿರಿ. ಅಲ್ಲಿ ಒಂದು ರಾತ್ರಿ ಉಳಿಯುವುದು ದುಡ್ಡು ದಂಡ ಅನಿಸಬಹುದು, ಆದರೆ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮ ಲೆಕ್ಕ ಹೀಗಿತ್ತು. 23ರ ಮಧ್ಯಾಹ್ನ ವಂದೇ ಭಾರತ್ ಹಿಡಿದು ಬೆಂಗಳೂರು. ವಿಮಾನ ನಿಲ್ದಾಣದ ಹತ್ತಿರ ಸ್ವಲ್ಪ ಕಣ್ಣು ಮುಚ್ಚಿ, 24ರ ನಸುಕಿನ ವಿಮಾನ. ಬೆಂಗಳೂರಿನಿಂದ ಶ್ರೀ ವಿಜಯಪುರಂಗೆ ಎರಡೂವರೆ ಗಂಟೆಯ ದಾರಿ. ಆ ಸಂಜೆ ಊರಲ್ಲೇ ಉಳಿದು ಚರ್ಚ್ ನೋಡಿದೆವು. ಅಂಡಮಾನ್–ನಿಕೋಬಾರಿನಲ್ಲಿ 2011ರ ಜನಗಣತಿ ಪ್ರಕಾರ ನೂರಕ್ಕೆ 21ರಷ್ಟು ಜನ ಕ್ರೈಸ್ತರು. ಅಂದಮೇಲೆ ಹಬ್ಬ ನೋಡಬೇಕಿದ್ದರೆ ಈ ರಾತ್ರಿ ಊರಲ್ಲೇ ಇರಿ, ದ್ವೀಪ ಎಲ್ಲಿಗೂ ಓಡಿಹೋಗುವುದಿಲ್ಲ. 25ರ ಬೆಳಿಗ್ಗೆ ಬೋಟ್, ನೀಲ್‌ನಲ್ಲಿ ಮೂರು ರಾತ್ರಿ, 28ಕ್ಕೆ ವಾಪಸ್, 29ಕ್ಕೆ ವಿಮಾನ.

ಈ ವಾರ ಎಲ್ಲದರ ದರವೂ ಜಾಸ್ತಿ. ಎರಡು ತಿಂಗಳು ಮೊದಲೇ ಬುಕ್ ಮಾಡಿ. ರೂಮಿನವರನ್ನು ಒಂದು ಮಾತು ಕೇಳಿಕೊಳ್ಳಿ: ‘ಹಬ್ಬದ ಊಟದ ದುಡ್ಡು ಕಡ್ಡಾಯವಾ?’ ಕೆಲವು ಕಡೆ ಬಿಲ್ಲಿನಲ್ಲಿ ಅದು ತಾನಾಗಿಯೇ ಬಂದು ಕೂತಿರುತ್ತದೆ. ನಗದು ಹಣವೂ ಇರಲಿ. ಮೊಬೈಲ್ ಸಿಗ್ನಲ್ ನಂಬಿಕೊಂಡು ದ್ವೀಪಕ್ಕೆ ಹೋಗಬಾರದು.

ಬೋಟ್ ಹತ್ತುವ ಮುಂಚೆ

ಸರ್ಕಾರಿ ಬೋಟಿಗೆ ಎರಡು ಗಂಟೆಯಷ್ಟು ಬೇಕು, ಖಾಸಗಿಯವು ಬೇಗ ಮುಟ್ಟುತ್ತವೆ. ವಾಂತಿ ತಡೆಯುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ, ಹತ್ತುವ ಅರ್ಧ ಗಂಟೆ ಮುಂಚೆ ನುಂಗಿ. ಕೆಳಗಿನ ಅಂತಸ್ತಿನ ನಡುವೆ ಕುಳಿತರೆ ಕುಲುಕಾಟ ಕಡಿಮೆ. ಹೊಟ್ಟೆ ಬಿರಿಯುವಂತೆ ತಿಂದು ಹತ್ತಬೇಡಿ.

ಗಡಿಯಾರ ಮರೆತು ಸೂರ್ಯನನ್ನು ನೋಡಿ

ನಾವು ಎಡವಿದ್ದು ಇಲ್ಲೇ. ಮೊದಲ ದಿನ ಊಟ ಮಾಡಿ, ಮಲಗೆದ್ದು, ಆರಾಮವಾಗಿ ಚಹಾ ಕುಡಿದು ಐದೂವರೆಗೆ ಸೂರ್ಯಾಸ್ತ ನೋಡಲು ಲಕ್ಷ್ಮಣಪುರ ಬೀಚಿಗೆ ಹೋದೆವು. ಅಲ್ಲಿ ಕತ್ತಲು! ‘ಚಹಾ ಕುಡಿಯೂದ್ರಾಗ ಮುಳುಗೇ ಬಿಟ್ಟಾನಲ್ಲೋ!’ ಎಂದು ಅವ್ವ ನನ್ನ ಮೇಲೆ ಹರಿಹಾಯ್ದಳು.

ಕಾರಣ ಸರಳ. ಇಡೀ ದೇಶಕ್ಕೆ ಒಂದೇ ಗಡಿಯಾರ. ಹುಬ್ಬಳ್ಳಿ ಸುಮಾರು 75 ಡಿಗ್ರಿ ರೇಖಾಂಶದಲ್ಲಿದೆ, ನೀಲ್ 93ರಲ್ಲಿ. ಒಂದು ಡಿಗ್ರಿಗೆ 4 ನಿಮಿಷ ಹಿಡಿಯಿರಿ. ನಮ್ಮಲ್ಲಿ ಆರರ ಮೇಲೆ ಮುಳುಗುವ ಸೂರ್ಯ ಅಲ್ಲಿ ಐದಕ್ಕೇ ಮುಳುಗುತ್ತಾನೆ. ಬೆಳಗಾಗುವುದೂ ಹಾಗೆಯೇ, ಐದೂವರೆ ಸುಮಾರಿಗೆ. ಆದ್ದರಿಂದ ಐದಕ್ಕೆ ಎದ್ದು ಸೀತಾಪುರ ಬೀಚಿಗೆ ಹೋಗಿ ಸೂರ್ಯೋದಯ ನೋಡಿ. ಬಿಸಿಲು ಏರುವ ಮುಂಚೆ ಭರತಪುರದಲ್ಲಿ ಗಾಜಿನ ತಳದ ದೋಣಿ ಹತ್ತಿ ಹವಳ ನೋಡಿ. ಮಧ್ಯಾಹ್ನ ಮಲಗಿ. ನಾಲ್ಕಕ್ಕೆ ಲಕ್ಷ್ಮಣಪುರದಲ್ಲಿರಿ. ಚಹಾ ಆಮೇಲೆ ಕುಡಿದರಾಯಿತು.

ನೀರು ಕೊರೆದು ಮಾಡಿದ ಕಲ್ಲಿನ ಕಮಾನು ನೋಡಲು ಸಮುದ್ರದ ಇಳಿತವೇ ಆಗಬೇಕು. ನೀರು ಏರಿದಾಗ ಹೋದರೆ ದಾರಿಯೇ ಇರುವುದಿಲ್ಲ. ಇಳಿತದ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದಕ್ಕೆ ಹೋಗುತ್ತದೆ. ಹಾಗಾಗಿ ನಿನ್ನೆ ಹೋಗಿಬಂದವರ ಮಾತು ನಂಬದೆ ಅಂದಂದೇ ಕೇಳಿ. ಬಂಡೆ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿ.

26ನೇ ತಾರೀಖು ಅಲ್ಲಿ ಸುಮ್ಮನೆ ಕಳೆಯುವ ದಿನವಲ್ಲ. 2004ರಲ್ಲಿ ಸುನಾಮಿ ಬಂದದ್ದು ಅಂದೇ. ನೆಲ ಜೋರಾಗಿ ನಡುಗಿದರೆ, ಹೊತ್ತಲ್ಲದ ಹೊತ್ತಲ್ಲಿ ಸಮುದ್ರ ಹಿಂದೆ ಸರಿದರೆ, ಫೋಟೊ ತೆಗೆಯುತ್ತ ನಿಲ್ಲದೆ ಎತ್ತರಕ್ಕೆ ಓಡಬೇಕು ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿಡಿ.

ಊಟ ಮತ್ತು ರೊಟ್ಟಿ ಡಬ್ಬಿ

ಸಸ್ಯಾಹಾರಿಗಳು ಹೆದರಬೇಡಿ. ಅಂಡಮಾನಿಗೆ ತರಕಾರಿ ಬೆಳೆದು ಕಳಿಸುವ ದ್ವೀಪವೇ ಇದು. ಬೆಳೆಯುವವರು ಹೆಚ್ಚಾಗಿ ಬಂಗಾಳಿ ಮನೆತನದವರು. ಅಲ್ಲಿ ಮೀನು ಸಾರು–ಅನ್ನದ ಜೊತೆ ಬದನೆಕಾಯಿ ಪಲ್ಯವೂ ಸಿಗುತ್ತದೆ. ಸಿಗದೇ ಇರುವುದು ರೊಟ್ಟಿ. ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡಿದ್ದೆವು. ಪ್ಲಾಸ್ಟಿಕ್ ಚೀಲದಲ್ಲಿಟ್ಟಿದ್ದ ರೊಟ್ಟಿ ಸಮುದ್ರದ ಗಾಳಿಗೆ ಎರಡೇ ದಿನಕ್ಕೆ ಮೆತ್ತಗಾಯಿತು. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ. ಮೆತ್ತಗಾದರೆ ಉಳಿದುಕೊಂಡ ಮನೆಯಲ್ಲಿ ಹಂಚು ಕೇಳಿ, ಬಿಸಿ ತಾಗಿದರೆ ಮತ್ತೆ ಕಡಕ್ ಆಗುತ್ತದೆ.

ವಾಪಸ್ ಹೊರಡುವಾಗ ಆ ಖಾಲಿ ಡಬ್ಬಿ ತೆಗೆದು ನೋಡಿ. ನಮ್ಮ ಮಗಳು ಅದರಲ್ಲಿ ಹವಳದ ಚೂರು, ಚಿಪ್ಪು ತುಂಬಿದ್ದಳು. ಅವನ್ನು ದ್ವೀಪದಿಂದ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆಸುತ್ತಾರೆ. ಬೋಟಿಗೆ ಅರ್ಧ ಗಂಟೆ ಇರುವಾಗ ಭರತಪುರದ ದಂಡೆಗೆ ಹೋಗಿ, ಒಂದೊಂದೇ ಎಣಿಸಿ ನೀರಿಗೆ ಬಿಟ್ಟು ಬಂದೆವು. 41 ಇದ್ದವು.