ಅಮೆರಿಕದ ಟ್ರಕ್ ಚಾಲಕರು ಲಾಗ್‌ಬುಕ್ಕಿನಲ್ಲಿ ವಿಶ್ರಾಂತಿಯನ್ನು ದಾಖಲಿಸುವ ಕ್ರಮ

ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವ ದೊಡ್ಡ ಟ್ರಕ್ಕಿನ ಚಾಲಕರು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ದಿನದ 24 ಗಂಟೆಗಳಿಗೂ ಲೆಕ್ಕ ಇಡಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಗಾಡಿ ಓಡಿಸಿದ ಗಂಟೆಗಳ ಮೇಲೆಯೇ ಕಣ್ಣಿಡುತ್ತಾರೆ. ಆದರೆ ಆ ಗಂಟೆಗಳಿಗೆ ಆಧಾರವಾಗಿರುವುದು ವಿಶ್ರಾಂತಿಯ ದಾಖಲೆ. ಸತತ 10 ಗಂಟೆ ವಿಶ್ರಾಂತಿ ಪಡೆದ ಚಾಲಕನಿಗೆ ಮಾತ್ರ ಮುಂದಿನ 14 ಗಂಟೆಗಳ ಅವಧಿಯೊಳಗೆ 11 ಗಂಟೆ ಗಾಡಿ ಓಡಿಸುವ ಅವಕಾಶ ಸಿಗುತ್ತದೆ. ಆ 10 ಗಂಟೆ ನಡುವೆ ಎಲ್ಲಿಯೋ ತುಂಡಾಗಿದ್ದರೆ ಮರುದಿನದ ಇಡೀ ಓಟವೇ ನಿಯಮಬಾಹಿರವಾಗಿಬಿಡಬಹುದು. ಆದ್ದರಿಂದ ವಿಶ್ರಾಂತಿ ಯಾವಾಗ ಆರಂಭವಾಯಿತು, ಯಾವಾಗ ಮುಗಿಯಿತು ಎಂಬ ಎರಡು ಕ್ಷಣಗಳನ್ನು ಆಗಿಂದಾಗಲೇ ದಾಖಲಿಸುವುದು ಈ ವಿದ್ಯೆಯ ತಿರುಳು.

ದಿನದ ಲೆಕ್ಕ ಬರೆಯುವ ಲಾಗ್ ಹಾಳೆಯ ಚೌಕಟ್ಟಿನಲ್ಲಿ, ಚಾಲಕನ ಸ್ಥಿತಿಯನ್ನು ಗೆರೆ ಎಳೆದು ತೋರಿಸಲು ನಾಲ್ಕು ಸಾಲುಗಳಿರುತ್ತವೆ: ಆಫ್ ಡ್ಯೂಟಿ, ಸ್ಲೀಪರ್ ಬರ್ತ್, ಡ್ರೈವಿಂಗ್, ಮತ್ತು ಗಾಡಿ ಓಡಿಸದೆ ಇರುವ ಆನ್ ಡ್ಯೂಟಿ. ಇವುಗಳಲ್ಲಿ ಮೊದಲ ಎರಡು ಮಾತ್ರ ವಿಶ್ರಾಂತಿಯ ಸಾಲುಗಳು. ಕೆಲಸದ ಹೊಣೆಯಿಂದ ಪೂರ್ತಿ ಬಿಡುಗಡೆಯಾಗಿದ್ದರೆ ಆಫ್ ಡ್ಯೂಟಿ. ಕ್ಯಾಬಿನ್ನಿನ ಹಿಂದಿರುವ, ನಿಯಮಕ್ಕೆ ಹೊಂದುವ ಮಲಗುವ ಜಾಗದಲ್ಲಿ ಇದ್ದರೆ ಸ್ಲೀಪರ್ ಬರ್ತ್. ಡೀಸೆಲ್ ತುಂಬಿಸುವುದು, ಗಾಡಿಯ ತಪಾಸಣೆ, ಸರಕು ಏರಿಸುವಾಗ ಮೇಲ್ವಿಚಾರಣೆ, ಇವೆಲ್ಲ ಮೈಗೆ ಎಷ್ಟೇ ಹಗುರವೆನಿಸಿದರೂ ಆನ್ ಡ್ಯೂಟಿಯೇ.

ಗೋದಾಮಿನ ಮುಂದೆ ಸರದಿಗಾಗಿ ಕಾಯುವ ಸಮಯ ಯಾವ ಸಾಲಿಗೆ ಸೇರಬೇಕೆಂಬುದು ಹೆಚ್ಚು ಗೊಂದಲ ಹುಟ್ಟಿಸುವ ಪ್ರಶ್ನೆ. ಕರೆದ ತಕ್ಷಣ ಗಾಡಿ ಮುಂದಕ್ಕೆ ತರಲು ಸಿದ್ಧನಾಗಿರಬೇಕೆಂದಿದ್ದರೆ ಅದು ಕೆಲಸದ ಸಮಯ. ಹೊಣೆಯಿಂದ ಬಿಡುಗಡೆಗೊಳಿಸಿ, ಇಷ್ಟ ಬಂದ ಕಡೆ ಹೋಗಲು ಬಿಟ್ಟಿದ್ದರೆ ಅದನ್ನು ಆಫ್ ಡ್ಯೂಟಿ ಎಂದು ಬರೆಯಬಹುದು. ಬರ್ತ್‌ನಲ್ಲಿ ನಿಜವಾಗಿಯೂ ಮಲಗಿದ್ದರೆ ಅದು ಸ್ಲೀಪರ್ ಬರ್ತ್ ಸಮಯವೇ. ಆದರೆ ನಡುವೆ ಎಬ್ಬಿಸಿ ಗಾಡಿಯನ್ನು ಇನ್ನೊಂದು ಬಾಗಿಲಿಗೆ ಹಚ್ಚಿಸಿದರೆ, ಅದು ಐದೇ ನಿಮಿಷದ ಕೆಲಸವಾಗಿದ್ದರೂ, ಸತತ ವಿಶ್ರಾಂತಿ ಅಲ್ಲಿಗೆ ಕಡಿಯುತ್ತದೆ. ಅದನ್ನು ಮುಚ್ಚಿಟ್ಟು ಗೆರೆಯನ್ನು ನೇರವಾಗಿ ಎಳೆಯುವುದು ಸುಳ್ಳು ದಾಖಲೆ. ದಣಿದ ಚಾಲಕನನ್ನು ಹೆದ್ದಾರಿಗೆ ಕಳಿಸುವ ಸುಳ್ಳು.

ಕಾಗದದ ಲಾಗ್ ಬರೆಯುವಾಗ ಸ್ಥಿತಿ ಬದಲಾದ ಪ್ರತಿ ಸಲವೂ ಆ ಗಂಟೆಯ ಗುರುತಿನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಲಂಬವಾಗಿ ಗೆರೆ ಇಳಿಸಿ ಅಥವಾ ಏರಿಸಿ, ಕೆಳಗಿನ ಷರಾ ಭಾಗದಲ್ಲಿ ಊರಿನ ಹೆಸರನ್ನೂ ರಾಜ್ಯದ ಸಂಕ್ಷಿಪ್ತ ರೂಪವನ್ನೂ ಬರೆಯಬೇಕು. ಊರಿಲ್ಲದ ಕಡೆ ನಿಲ್ಲಿಸಿದ್ದರೆ ಹೆದ್ದಾರಿಯ ಸಂಖ್ಯೆ, ಹತ್ತಿರದ ಮೈಲಿಗಲ್ಲು ಮತ್ತು ಹತ್ತಿರದ ಊರು ಸಾಕು. ಗಂಟೆಯನ್ನು ಚಾಲಕನ ಹೋಮ್ ಟರ್ಮಿನಲ್, ಅಂದರೆ ಅವನು ಸಾಮಾನ್ಯವಾಗಿ ಕೆಲಸಕ್ಕೆ ಹಾಜರಾಗುವ ನೆಲೆ, ಇರುವ ಕಾಲವಲಯದ ಪ್ರಕಾರವೇ ಬರೆಯಬೇಕು. ಗಾಡಿ ಇನ್ನೊಂದು ಕಾಲವಲಯಕ್ಕೆ ದಾಟಿದರೂ ಲೆಕ್ಕ ಬದಲಾಗುವುದಿಲ್ಲ. ಲಾಗ್‌ನ ದಿನ ಮಧ್ಯರಾತ್ರಿಗೆ ಆರಂಭವಾಗುವ ಸಂಸ್ಥೆಯಲ್ಲಿ ರಾತ್ರಿ 8ರಿಂದ ಬೆಳಿಗ್ಗೆ 6ರ ವರೆಗಿನ ವಿಶ್ರಾಂತಿ ಎರಡು ಹಾಳೆಗಳಿಗೆ ಹಂಚಿಹೋಗುತ್ತದೆ: ಮೊದಲನೆಯದರಲ್ಲಿ 4 ಗಂಟೆ, ಮರುದಿನದ್ದರಲ್ಲಿ 6 ಗಂಟೆ. ನಾಲ್ಕೂ ಸಾಲುಗಳ ಮೊತ್ತ ಪ್ರತಿ ಹಾಳೆಯಲ್ಲೂ 24 ಆಗಲೇಬೇಕು.

ಈಗ ಬಹುಪಾಲು ಗಾಡಿಗಳಲ್ಲಿ ಈ ಕೆಲಸವನ್ನು ಇ.ಎಲ್.ಡಿ. ಎಂಬ ವಿದ್ಯುನ್ಮಾನ ಸಾಧನ ಮಾಡುತ್ತದೆ. 2017ರ ಡಿಸೆಂಬರ್‌ನಲ್ಲಿ ಇದರ ಕಡ್ಡಾಯ ಜಾರಿ ಆರಂಭವಾಯಿತು. ಎಂಜಿನ್ನಿಗೆ ಜೋಡಿಸಿರುವುದರಿಂದ ಓಟವನ್ನು ಅದು ತಾನಾಗಿಯೇ ಹಿಡಿಯುತ್ತದೆ, ವಿಶ್ರಾಂತಿಯನ್ನು ಮಾತ್ರ ಹಿಡಿಯಲಾರದು. ಗಾಡಿ ನಿಂತು ಐದು ನಿಮಿಷವಾದ ಮೇಲೆ ಸಾಧನವು ಚಾಲಕನನ್ನು ಕೇಳುತ್ತದೆ. ಒಂದು ನಿಮಿಷದಲ್ಲಿ ಉತ್ತರ ಬರದಿದ್ದರೆ ಆನ್ ಡ್ಯೂಟಿ ಎಂದು ಬರೆದುಕೊಳ್ಳುತ್ತದೆ. ಗುಂಡಿ ಒತ್ತದೆ ಮಲಗಿದ ಚಾಲಕನ ಇಡೀ ರಾತ್ರಿ ಹೀಗೆ ಕೆಲಸವೆಂದೇ ದಾಖಲಾಗುತ್ತದೆ. ಇದನ್ನು ಕಾರಣ ಬರೆದು ಸರಿಪಡಿಸಲು ಅವಕಾಶವಿದೆ, ಮೂಲ ದಾಖಲೆಯೂ ಉಳಿಯುತ್ತದೆ. ಆದರೆ ತಾನಾಗಿ ದಾಖಲಾದ ಓಟದ ಸಮಯವನ್ನು ವಿಶ್ರಾಂತಿಯಾಗಿ ಬದಲಿಸಲು ಬರುವುದಿಲ್ಲ. ಗಾಡಿ ನಿಲ್ಲಿಸಿದೊಡನೆ, ಸೀಟಿನಿಂದ ಏಳುವ ಮೊದಲೇ, ಸ್ಥಿತಿಯನ್ನು ಬದಲಿಸುವ ರೂಢಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು.

ಒಟ್ಟು 8 ಗಂಟೆ ಓಡಿಸಿದ ಮೇಲೆ ಮತ್ತೆ ಓಡಿಸಬೇಕಾದರೆ ಕನಿಷ್ಠ 30 ನಿಮಿಷದ ಸತತ ಬಿಡುವು ಬೇಕು. 2020ರ ಸೆಪ್ಟೆಂಬರ್ ಕೊನೆಯಿಂದ ಜಾರಿಯಲ್ಲಿರುವ ನಿಯಮದಂತೆ ಇದನ್ನು ಆಫ್ ಡ್ಯೂಟಿಯಾಗಿಯೇ ಬರೆಯಬೇಕಿಲ್ಲ. ಡೀಸೆಲ್ ತುಂಬಿಸುತ್ತಾ ಕಳೆದ ಅರ್ಧ ಗಂಟೆಯೂ ಸಲ್ಲುತ್ತದೆ.

ಹತ್ತು ಗಂಟೆಯನ್ನು ಸತತವಾಗಿ ಪಡೆಯುವ ಬದಲು ಎರಡು ಭಾಗ ಮಾಡಿಕೊಳ್ಳಲೂ ಅವಕಾಶವಿದೆ, ಆದರೆ ಈ ಕ್ರಮಕ್ಕೆ ಹೆಚ್ಚು ಎಚ್ಚರ ಬೇಕು. ಒಂದು ಭಾಗ ಸ್ಲೀಪರ್ ಬರ್ತ್‌ನಲ್ಲಿ ಸತತವಾಗಿ ಕನಿಷ್ಠ 7 ಗಂಟೆ, ಇನ್ನೊಂದು ಭಾಗ ಆಫ್ ಡ್ಯೂಟಿ ಅಥವಾ ಬರ್ತ್‌ನಲ್ಲಿ ಕನಿಷ್ಠ 2 ಗಂಟೆ, ಎರಡೂ ಕೂಡಿ ಕನಿಷ್ಠ 10 ಗಂಟೆ ಇರಬೇಕು. ಯಾವುದು ಮೊದಲು ಬಂದರೂ ಸರಿ. ಹೀಗೆ ಜೋಡಿಯಾದ ಎರಡೂ ಭಾಗಗಳು 14 ಗಂಟೆಗಳ ಅವಧಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪೂರ್ಣ ವಿಶ್ರಾಂತಿಯ ನಂತರ ಚಾಲಕನು ಬೆಳಿಗ್ಗೆ 6ರಿಂದ 11ರ ವರೆಗೆ ಓಡಿಸಿ, ಮಧ್ಯಾಹ್ನ 1ರ ವರೆಗೆ ಆಫ್ ಡ್ಯೂಟಿಯಲ್ಲಿದ್ದು, ಸಂಜೆ 7ರ ವರೆಗೆ ಮತ್ತೆ ಓಡಿಸಿ, ರಾತ್ರಿ 3ರ ವರೆಗೆ ಬರ್ತ್‌ನಲ್ಲಿ ಮಲಗಿದನೆಂದುಕೊಳ್ಳಿ. ಎರಡು ಗಂಟೆ, ಎಂಟು ಗಂಟೆ ಸೇರಿ ಹತ್ತಾಯಿತು. ಆದರೆ 3 ಗಂಟೆಗೆ ಎದ್ದಾಗ ಅವನಿಗೆ ಹೊಸದಾಗಿ 11 ಗಂಟೆ ಸಿಗುವುದಿಲ್ಲ. ಲೆಕ್ಕವು ಮೊದಲ ವಿಶ್ರಾಂತಿ ಮುಗಿದ ಮಧ್ಯಾಹ್ನ 1 ಗಂಟೆಯಿಂದ ಶುರುವಾಗುತ್ತದೆ. ಅಲ್ಲಿಂದ 6 ಗಂಟೆ ಓಡಿಸಿಯಾಗಿದೆ, ಉಳಿದಿರುವುದು 5 ಗಂಟೆಯ ಓಟ ಮತ್ತು 8 ಗಂಟೆಯ ಅವಧಿ. ಅನುಭವಸ್ಥರೂ ಎಡವುವುದು ಇಲ್ಲಿಯೇ.

ಇಬ್ಬರು ಚಾಲಕರಿರುವ ಗಾಡಿಯಲ್ಲಿ, ಕನಿಷ್ಠ 7 ಗಂಟೆ ಬರ್ತ್‌ನಲ್ಲಿ ಮಲಗುವುದಕ್ಕೆ ತಕ್ಷಣ ಮೊದಲು ಅಥವಾ ನಂತರ, ಓಡುತ್ತಿರುವ ಗಾಡಿಯ ಪಕ್ಕದ ಸೀಟಿನಲ್ಲಿ ಕಳೆದ 3 ಗಂಟೆಯ ವರೆಗಿನ ಸಮಯವನ್ನು ಆಫ್ ಡ್ಯೂಟಿ ಎಂದು ಬರೆಯಬಹುದು. ಒಟ್ಟು ಕೆಲಸದ ಸಮಯಕ್ಕಿರುವ 7 ದಿನಗಳಿಗೆ 60 ಗಂಟೆ ಅಥವಾ 8 ದಿನಗಳಿಗೆ 70 ಗಂಟೆಯ ಮಿತಿಯನ್ನು ಮತ್ತೆ ಸೊನ್ನೆಯಿಂದ ಎಣಿಸಬೇಕಾದರೆ ಸತತ 34 ಗಂಟೆಗಳ ವಿಶ್ರಾಂತಿ ದಾಖಲೆಯಲ್ಲಿ ಕಾಣಬೇಕು.

ದಿನದ ಕೊನೆಗೆ ಚಾಲಕನೇ ದಾಖಲೆಯನ್ನು ಓದಿ ದೃಢೀಕರಿಸಬೇಕು. ಕಚೇರಿಯವರು ತಿದ್ದುಪಡಿ ಸೂಚಿಸಬಹುದು, ಆದರೆ ಚಾಲಕನು ಒಪ್ಪಿ ದೃಢೀಕರಿಸಬೇಕು. ನಡೆಯದ ವಿಶ್ರಾಂತಿಯನ್ನು ಸೇರಿಸುವ ತಿದ್ದುಪಡಿಯನ್ನು ನಿರಾಕರಿಸುವ ಹಕ್ಕು ಅವನಿಗಿದೆ, ಅದನ್ನು ಬಳಸಬೇಕು. ಸಾಧನ ಕೆಟ್ಟರೆ 24 ಗಂಟೆಯೊಳಗೆ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಅಂದಿನ ದಿನದ ಮತ್ತು ಹಿಂದಿನ 7 ದಿನಗಳ ದಾಖಲೆ ಸಾಧನದಿಂದ ಸಿಗದಿದ್ದರೆ ಅವನ್ನು ಕಾಗದದ ಮೇಲೆ ಮತ್ತೆ ಬರೆದುಕೊಳ್ಳಬೇಕು. ಇದಕ್ಕಾಗಿ ಕನಿಷ್ಠ 8 ದಿನಗಳಿಗೆ ಸಾಕಾಗುವಷ್ಟು ಖಾಲಿ ಲಾಗ್ ಹಾಳೆಗಳನ್ನು ಕ್ಯಾಬಿನ್ನಿನಲ್ಲಿ ಇಟ್ಟುಕೊಂಡಿರುವುದು ಕಡ್ಡಾಯ.