ಚೌಕ ಕಂಬಿಯಿಂದ ದುಂಡು ತಂತಿ: ರೋಲಿಂಗ್ ಮಿಲ್ ಮತ್ತು ಕಂಬಚ್ಚು, ನನ್ನ ಅನುಭವ

ಅಕ್ಕಸಾಲಿಗಳು ಬಳಸುವ ರೋಲಿಂಗ್ ಮಿಲ್ಲಿನಿಂದ ದುಂಡು ತಂತಿ ಬರುವುದಿಲ್ಲ. ಮೇಲಿನ ರೋಲರ್‌ನಲ್ಲೂ ಕೆಳಗಿನ ರೋಲರ್‌ನಲ್ಲೂ ‘ವಿ’ ಆಕಾರದ ತೋಡುಗಳಿರುತ್ತವೆ. ಎರಡೂ ಸೇರಿದರೆ ಚೌಕ, ಹಾಗಾಗಿ ಹೊರಬರುವುದು ಚೌಕ ಕಂಬಿಯೇ. ಅದನ್ನು ದುಂಡು ಮಾಡುವುದು ಕಂಬಚ್ಚು, ಅಂದರೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿ. ಮಿಲ್ಲನ್ನು ಎಲ್ಲಿ ನಿಲ್ಲಿಸಿ ಕಂಬಚ್ಚನ್ನು ಎಲ್ಲಿ ಹಿಡಿಯಬೇಕು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. 1 ಮಿ.ಮೀ. ದುಂಡು ತಂತಿ ಬೇಕೆಂದು ಚೌಕವನ್ನೂ 1 ಮಿ.ಮೀ.ಗೇ ಇಳಿಸಿದರೆ ಎಳೆಯುವಾಗ ಮೂಲೆ ಮಾತ್ರ ಸವರಿ, ನಾಲ್ಕೂ ಕಡೆ ಚಪ್ಪಟೆ ಗುರುತು ಉಳಿಯುತ್ತದೆ. ನಾನು ಚೌಕದ ಪಕ್ಕವನ್ನು ಬೇಕಾದ ದಪ್ಪಕ್ಕಿಂತ ಐದರಲ್ಲೊಂದು ಭಾಗ ಹೆಚ್ಚಿಗೆ ಇಟ್ಟುಕೊಳ್ಳುತ್ತೇನೆ: 1 ಮಿ.ಮೀ. ತಂತಿಗೆ 1.2 ಮಿ.ಮೀ. ಚೌಕ.

ಚಿಕ್ಕಮಗಳೂರಿನಲ್ಲಿ ಸುರುಳಿ ಸುರುಳಿ ತಂತಿ ಖರ್ಚಾಗುವಂಥ ಕೆಲಸ ಬರುವುದಿಲ್ಲ. ಕರಿಮಣಿ ಕೊಂಡಿಗೆ 0.45 ಮಿ.ಮೀ., ಅಂದರೆ 26 ಗೇಜಿನ ಹತ್ತಿರ (ಗೇಜು ಎಂದರೆ ತಂತಿ ದಪ್ಪದ ಬ್ರಿಟಿಷ್ ಅಳತೆ, ಎಸ್‌ಡಬ್ಲ್ಯುಜಿ). ಓಲೆಯ ಕೊಕ್ಕೆಗೆ 20 ಗೇಜು, ಸುಮಾರು 0.9, ಕಾಲುಂಗುರಕ್ಕೆ 2 ಮಿ.ಮೀ. ದಾಟಿದ್ದು. ಎಲ್ಲವೂ ನಾಲ್ಕು ಗ್ರಾಂ, ಹತ್ತು ಗ್ರಾಂ, ಹಾಗಾಗಿ ತಂತಿಯನ್ನು ನಾನೇ ಎಳೆದುಕೊಳ್ಳುತ್ತೇನೆ. ಮೇಲಾಗಿ ಮನೆಯ ಹಳೇ ಬೆಳ್ಳಿಯಲ್ಲೇ ಮಾಡಿಕೊಡಿ ಎನ್ನುವವರು ಹೆಚ್ಚು. ಹಳೇ ಗೆಜ್ಜೆಯನ್ನು ಹಾಗೇ ಕರಗಿಸಿ ತಂತಿ ಎಳೆಯಲು ಹೋಗಬೇಡಿ. ಅದರ ತುಂಬ ಬೆಸುಗೆ; ಜೊತೆಗೆ ಎಲ್ಲೋ ತೇಪೆ ಹಾಕಿದ ಸೀಸ ಇದ್ದರೆ ಕಂಬಿ ಮಿಲ್ಲಿನಲ್ಲೇ ಅಡ್ಡಡ್ಡ ಬಿರಿಯುತ್ತದೆ. ಎಷ್ಟು ಕಾಯಿಸಿದರೂ ಆ ಬಿರುಕು ಸರಿಹೋಗದು. ಶುದ್ಧಿ ಮಾಡಿಸಿದ ಬೆಳ್ಳಿಯಿಂದಲೇ ಹೊರಡಬೇಕು.

30 ಗ್ರಾಂ 925 ಬೆಳ್ಳಿಗೆ (ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ) 27.75 ಗ್ರಾಂ ಶುದ್ಧ ಬೆಳ್ಳಿ, 2.25 ಗ್ರಾಂ ತಾಮ್ರ. 6 ಮಿ.ಮೀ. ಚೌಕದ ಅಚ್ಚಿಗೆ ಹೊಯ್ದರೆ ಸುಮಾರು 8 ಸೆಂ.ಮೀ. ಉದ್ದದ ಕಡ್ಡಿ. ಅದು 1.2 ಚೌಕಕ್ಕೆ ಇಳಿದಾಗ 2 ಮೀಟರ್, 1 ಮಿ.ಮೀ. ದುಂಡಾದಾಗ ತುದಿ ಕತ್ತರಿಸಿದ್ದು ಕಳೆದು ಮೂರೂವರೆ ಮೀಟರ್. ಮೀಟರಿಗೆ 8 ಗ್ರಾಂ ಚಿಲ್ಲರೆ ಎಂದು ನೆನಪಿಟ್ಟರೆ ಎಷ್ಟು ಕರಗಿಸಬೇಕೆಂದು ಮೊದಲೇ ಹೇಳಬಹುದು.

ಕರಗಿಸುವಾಗ ಮೂಸೆಗೆ ಬಿಳಿಗಾರ (ಬೋರಾಕ್ಸ್) ಹಾಕಿ, ಜ್ವಾಲೆಯನ್ನು ಹೊಯ್ಯುವ ಕ್ಷಣದವರೆಗೂ ಲೋಹದ ಮೇಲೆಯೇ ಹಿಡಿದಿರಬೇಕು. ಕರಗಿದ ಬೆಳ್ಳಿ ಗಾಳಿಯ ಆಮ್ಲಜನಕ ಹೀರುತ್ತದೆ, ಗಟ್ಟಿಯಾಗುವಾಗ ಅದನ್ನು ಕಾರುತ್ತದೆ; ಕಡ್ಡಿಯ ಒಳಗೆ ಗುಳ್ಳೆ ಕೂರುವುದು ಹೀಗೆ. ಅಚ್ಚಿಗೆ ತೆಳ್ಳಗೆ ಎಣ್ಣೆ ಸವರಿ, ಬಿಸಿ ಮಾಡಿಯೇ ಹೊಯ್ಯಬೇಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಣ್ಣಗಿನ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದ ಪಸೆ ಕೂತಿರುತ್ತದೆ. ಅದರ ಮೇಲೆ ಬೆಳ್ಳಿ ಬಿದ್ದರೆ ಹಬೆ ಸಿಡಿದು ಮುಖಕ್ಕೇ ಬರುತ್ತದೆ. ಕಡ್ಡಿಯ ಮೇಲ್ತುದಿಯಲ್ಲಿ ಕುಗ್ಗಿದ ಗುಳಿ ಇದ್ದರೆ ಅದರ ಬುಡದವರೆಗೆ ಕತ್ತರಿಸಿ ತೆಗೆಯಿರಿ. ಆಸೆಗೆ ಬಿಟ್ಟರೆ ಆ ಟೊಳ್ಳು ತಂತಿಯ ಉದ್ದಕ್ಕೂ ಸೀಳಾಗಿ ಹರಿಯುತ್ತದೆ. ಅಚ್ಚಿನ ಜೋಡಣೆಯಲ್ಲಿ ಎದ್ದ ಅಂಚನ್ನು ಅರದಲ್ಲಿ ಉಜ್ಜಿ, ನಾಲ್ಕೂ ಪಕ್ಕಕ್ಕೆ ಸುತ್ತಿಗೆಯಿಂದ ಹದವಾಗಿ ಬಡಿದು, ಒಮ್ಮೆ ಕಾಯಿಸಿದ ಮೇಲೆ ಮಿಲ್ಲಿಗೆ.

ಮಿಲ್ಲಿನಲ್ಲಿ ಕೆಡುವುದೆಲ್ಲ ಬಹುಮಟ್ಟಿಗೆ ಅವಸರದಿಂದಲೇ. ಕಡ್ಡಿಯನ್ನು ಅದು ಸಲೀಸಾಗಿ ಕೂರುವ ತೋಡಿಗೆ ಕೊಟ್ಟು, ರೋಲರ್ ತುಸು ಬಿಗಿಸಿ, ಒಮ್ಮೆ ಹಾಯಿಸಿ. ಕಾಲು ಸುತ್ತು ತಿರುಗಿಸಿ ಅದೇ ತೋಡಿನಲ್ಲಿ ಇನ್ನೊಮ್ಮೆ ಹಾಯಿಸಿ. ಆಮೇಲೆ ಇನ್ನಷ್ಟು ಬಿಗಿಸಿ. ಎರಡು ರೋಲರ್‌ಗಳೂ ಒಂದಕ್ಕೊಂದು ತಾಗಿದವು ಎಂದಾಗ ಮುಂದಿನ ಚಿಕ್ಕ ತೋಡು. ತೋಡಿಗೆ ಹಿಡಿಸದಷ್ಟು ಲೋಹ ಕೊಟ್ಟರೆ ಅದು ರೋಲರ್‌ಗಳ ನಡುವಿನ ಸಂದಿಗೆ ಜಾರಿ, ಕಂಬಿಯ ಎರಡೂ ಬದಿಗೆ ಕಾಗದದಷ್ಟು ತೆಳುವಾದ ರೆಕ್ಕೆ ಏಳುತ್ತದೆ. ಬೆರಳು ಸವರಿದರೆ ಕುಯ್ಯುವಷ್ಟು ಚೂಪು. ಎಷ್ಟೋ ಜನ ಕಾಲು ಸುತ್ತು ತಿರುಗಿಸಿ ಅದನ್ನೇ ಒಳಗೆ ಒತ್ತಿಬಿಡುತ್ತಾರೆ. ನೋಡಲು ನುಣುಪಾಗಿಯೇ ಕಾಣುತ್ತದೆ. ನಿಜದಲ್ಲಿ ರೆಕ್ಕೆ ಮಡಚಿ ಮೈಗೆ ಅಂಟಿಕೊಂಡಿರುತ್ತದೆಯೇ ಹೊರತು ಬೆಸೆದಿರುವುದಿಲ್ಲ. ಕಾಯಿಸಿದಾಗ ಅಲ್ಲೊಂದು ಕಪ್ಪು ಗೆರೆ, ಕಂಬಚ್ಚಿಗೆ ಕೊಟ್ಟಾಗ ಸಿಬಿರು. ಆದ್ದರಿಂದ ರೆಕ್ಕೆ ಕಂಡ ಕೂಡಲೇ ನಿಲ್ಲಿಸಿ, ಅರದಿಂದ ಪೂರ್ತಿ ತೆಗೆದು, ರೋಲರ್ ಸಡಿಲಿಸಿ ಮತ್ತೆ ಶುರುಮಾಡಬೇಕು. ಅರದ ಪುಡಿ ಬೀಳಲು ಕೆಳಗೊಂದು ಕಾಗದ ಇರಲಿ.

ಕಂಬಿ ಹೊರಬರುವಾಗ ತಿರುಚಿಕೊಳ್ಳುತ್ತಿದ್ದರೆ ಮೂಲೆಗಳು ತೋಡಿನ ತಳದಲ್ಲಿ ಸರಿಯಾಗಿ ಕೂತಿಲ್ಲ. ಒಬ್ಬರು ಹಿಡಿಕೆ ತಿರುಗಿಸಿ ಇನ್ನೊಬ್ಬರು ಆಚೆ ಕಡೆ ನೇರವಾಗಿ ಹಿಡಿದರೆ ಒಳ್ಳೆಯದು.

ಮಿಲ್ಲಿನಲ್ಲಿ ಗಟ್ಟಿಯಾದ ಕಂಬಿಯನ್ನು ಮೆದು ಮಾಡಲು ಕಾಯಿಸುವುದು ಯಾವಾಗ? ಕಂಬಿಯ ಅಡ್ಡಕೊಯ್ತದ ವಿಸ್ತೀರ್ಣ ಅರ್ಧಕ್ಕೆ ಇಳಿದಾಗ ಎಂಬುದು ಲೆಕ್ಕ. ಚೌಕದ ಪಕ್ಕದಲ್ಲಿ ಹೇಳುವುದಾದರೆ 6 ಇದ್ದದ್ದು 4.2 ಆದಾಗ, ಆಮೇಲೆ 3, 2.1, 1.5, ಕೊನೆಗೆ ಕಂಬಚ್ಚಿಗೆ ಕೊಡುವ ಮುಂಚೆ 1.2ರಲ್ಲಿ. ಕಿಟಕಿ ಮುಚ್ಚಿ ಮಬ್ಬು ಮಾಡಿಕೊಂಡು ಮಂದ ಕೆಂಪು ಕಾಣುವವರೆಗೆ, ಸುಮಾರು 650 ಡಿಗ್ರಿ. ಅದಕ್ಕಿಂತ ಮೇಲೆ ಬೇಡ. ಹೆಚ್ಚು ಕಾದರೆ ಲೋಹದ ಕಣ ದಪ್ಪವಾಗಿ ಮೈ ಒರಟಾಗುತ್ತದೆ. ತೆಳು ತಂತಿಯನ್ನು ಒತ್ತಾದ ಸುರುಳಿ ಮಾಡಿ ತಾಮ್ರದ ಎಳೆಯಿಂದ ಕಟ್ಟುತ್ತೇನೆ, ಬಿಡಿ ಎಳೆ ಚಾಚಿಕೊಂಡಿದ್ದರೆ ಅದು ಮೊದಲು ಕರಗುತ್ತದೆ. ಕಾಯಿಸಿದ ಮೇಲೆ ಮೈಮೇಲಿನ ಕಪ್ಪು ಹೋಗಲು ಆಸಿಡ್ಡಿಗೆ ಹಾಕಬೇಕು; ಕಬ್ಬಿಣದ ಎಳೆ ಕಟ್ಟಿ ಹಾಕಿದರೆ ಬೆಳ್ಳಿಯ ಮೇಲೆ ತಾಮ್ರ ಕೂತು ಕೆಂಪಾಗುತ್ತದೆ. ಕಬ್ಬಿಣದ ಇಕ್ಕಳ ಅದ್ದಿದರೂ ಅಷ್ಟೇ. ಆಸಿಡ್ ಎಂದರೆ ಹತ್ತು ಪಾಲು ನೀರಿಗೆ ಒಂದು ಪಾಲು ಗಂಧಕಾಮ್ಲ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಬೆಚ್ಚಗೆ ಮಾಡಿ ಒಣಗಿಸಿದ ಮೇಲೆಯೇ ಮತ್ತೆ ಮಿಲ್ಲಿಗೆ. ಒದ್ದೆ ಕಂಬಿ ಒಮ್ಮೆ ಹಾದರೂ ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ರೋಲರ್‌ಗೆ ತುಕ್ಕು. ತುಕ್ಕು ತಿಂದ ಪ್ರತಿ ಚುಕ್ಕೆಯೂ ಆಮೇಲೆ ಕಂಬಿಯ ಮೇಲೆ ಅಚ್ಚಾಗುತ್ತದೆ. ಕೆಲಸ ಮುಗಿದ ಮೇಲೆ ಎಣ್ಣೆ ಬಟ್ಟೆ ಸವರಿ ಹತ್ತಿ ಬಟ್ಟೆ ಹೊದಿಸುತ್ತೇನೆ. ಪ್ಲಾಸ್ಟಿಕ್ ಹೊದಿಸಿದರೆ ಪಸೆ ಒಳಗೇ ಉಳಿಯುತ್ತದೆ.

ಕಂಬಚ್ಚಿಗೆ ಮೊದಲು ತುದಿ ಚೂಪಾಗಬೇಕು. ನಾಲ್ಕು ಸೆಂ.ಮೀ. ಮಾತ್ರ ಚಿಕ್ಕ ತೋಡಿಗೆ ಕೊಟ್ಟು ಹಿಡಿಕೆ ಹಿಂದಕ್ಕೆ ತಿರುಗಿಸಿ ವಾಪಸ್ ತೆಗೆದರೆ ತುದಿ ಸಣ್ಣದಾಗುತ್ತದೆ, ಉಳಿದದ್ದು ಅರದ ಕೆಲಸ. ಬೆಳ್ಳಿ ಪುಡಿಯೂ ಕಡಿಮೆ. 1.2 ಚೌಕ ಮೂಲೆಯಿಂದ ಮೂಲೆಗೆ ಲೆಕ್ಕದಲ್ಲಿ 1.7; ಮಿಲ್ಲಿನ ತೋಡು ಮೂಲೆಯನ್ನು ಕೊಂಚ ಮೊಂಡು ಮಾಡುವುದರಿಂದ ಅಳೆದರೆ 1.5ರ ಆಸುಪಾಸು ಸಿಗುತ್ತದೆ. ಹಾಗಾಗಿ 1.5ರ ತೂತಿನಿಂದ ಹೊರಟು 1.4, 1.3, 1.2, 1.1, 1.0. ತೂತಿನ ಅಗಲ ಬಾಯಿಯ ಕಡೆಯಿಂದ ತಂತಿ ಹೋಗಬೇಕು. ತಂತಿಯನ್ನು ಬೆಚ್ಚಗೆ ಮಾಡಿ ಜೇನುಮೇಣ ಹಚ್ಚಿ, ಪಟ್ಟಿಗೆ ನೇರವಾಗಿ, ನಡುವೆ ನಿಲ್ಲಿಸದೆ ಎಳೆಯಬೇಕು. ಓರೆಯಾಗಿ ಎಳೆದರೆ ತಂತಿ ಗುಂಗುರಾಗುತ್ತದೆ. 1.2ರ ತೂತು ದಾಟಿದಾಗ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನಾಲ್ಕು ಮಂದ ಪಟ್ಟೆ ಇನ್ನೂ ಇರುತ್ತವೆ. ಕೊನೆಯ ಎರಡು ತೂತುಗಳಲ್ಲಿ ಅವು ಹೋಗುತ್ತವೆ. ಐದರಲ್ಲೊಂದು ಹೆಚ್ಚಿಗೆ ಇಟ್ಟದ್ದು ಈ ಎರಡು ತೂತಿಗಾಗಿ. ಮೈಕ್ರೊಮೀಟರಿನಲ್ಲಿ ದಪ್ಪ ಅಳೆದು, ತಂತಿಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಅಳೆದಾಗ ಒಂದೇ ಅಳತೆ ಬಂದರೆ ದುಂಡು.

ಕಾಲುಂಗುರದ ದಪ್ಪಕ್ಕೆ ಕೈಯಲ್ಲಿ ಎಳೆಯುವುದು ಕಷ್ಟ. ಚೌಕದ ನಾಲ್ಕು ಮೂಲೆಯನ್ನು ಸುತ್ತಿಗೆಯಲ್ಲಿ ಬಡಿದು ಎಂಟು ಮೂಲೆ ಮಾಡಿ ಎಳೆದರೆ ಅರ್ಧ ಶ್ರಮ.

0.5ರ ಕೆಳಗೆ 0.1ರ ಹೆಜ್ಜೆ ನಡೆಯದು. 0.5ರಿಂದ 0.4ಕ್ಕೆ ಹಾರಿದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಲೋಹವನ್ನು ಒಂದೇ ತೂತು ತಳ್ಳಬೇಕು. ತುದಿ ಕಿತ್ತು ಇಕ್ಕಳದಲ್ಲೇ ಉಳಿಯುತ್ತದೆ. ಅಲ್ಲಿ 0.05ರಂತೆ ಇಳಿಯಬೇಕು. 1.0, 0.7, 0.5ರಲ್ಲಿ ಕಾಯಿಸುವುದು. ಓಲೆ ಕೊಕ್ಕೆಯ ತಂತಿಯನ್ನು 1.2 ಚೌಕದಲ್ಲಿ ಕಾಯಿಸಿದ ಮೇಲೆ ಮತ್ತೆ ಕಾಯಿಸದೆ 0.9ಕ್ಕೆ ಎಳೆದು ಹಾಗೇ ಬಿಡುತ್ತೇನೆ, ಕೊಕ್ಕೆಗೆ ಬಿಗಿ ಬೇಕು. ಕರಿಮಣಿಗೆ 22 ಕ್ಯಾರೆಟ್ ಚಿನ್ನವಾದರೂ ಹೆಜ್ಜೆ ಇವೇ: 0.5ರಲ್ಲಿ ಕೊನೆಯ ಬಾರಿ ಕಾಯಿಸಿ, 0.45ರ ತೂತಿನಲ್ಲಿ ಒಂದೇ ಎಳೆತ. ಸುತ್ತಲು ಮೆದುವಾಗಿರುತ್ತದೆ, ಕೊಂಡಿ ಬಾಯಿ ಬಿಡದಷ್ಟು ಗಟ್ಟಿಯೂ ಇರುತ್ತದೆ.