ಅಣ್ಣ ಪೆರೋಲ್ ಮೇಲೆ ಬರುವಾಗ ನಾವು ಮನೆ ಸಿದ್ಧ ಮಾಡಿದ್ದು ಹೀಗೆ

ನನ್ನ ಅಣ್ಣ ಏಳು ವರ್ಷದಿಂದ ಮೈಸೂರು ಕೇಂದ್ರ ಕಾರಾಗೃಹದಲ್ಲಿದ್ದಾನೆ. ಬೇಲಿ ಜಗಳದಲ್ಲಿ ಕತ್ತಿ ಬೀಸಿದ, ಒಂದು ಜೀವ ಹೋಯಿತು, ಜೀವಾವಧಿ ಶಿಕ್ಷೆ ಆಯಿತು. ಅದರ ಬಗ್ಗೆ ನನಗೆ ವಾದ ಮಾಡುವುದಕ್ಕಿಲ್ಲ. ತಪ್ಪು ಆಗಿದೆ, ಅವನೂ ಒಪ್ಪಿಕೊಂಡಿದ್ದಾನೆ. ಕಳೆದ ಮೇ ತಿಂಗಳಲ್ಲಿ ಅವನಿಗೆ ಮೊದಲ ಸಲ 30 ದಿನ ಪೆರೋಲ್ ಸಿಕ್ಕಿತು. ಆಗ ಏನು ಮಾಡಬೇಕು ಅಂತ ಹೇಳಿಕೊಡುವವರು ಯಾರೂ ಇರಲಿಲ್ಲ. ಇದೇ ಪರಿಸ್ಥಿತಿಯಲ್ಲಿ ಇರುವ ಮನೆಯವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲದ ಕಡೆ ಹೋಗುವ ದಾರಿಯಲ್ಲಿದೆ. ಹಳೇ ಹೆಂಚಿನ ಮನೆ. ಅವ್ವ, ನಾನು, ನನ್ನ ಹೆಂಡತಿ, ಅತ್ತಿಗೆ ಮತ್ತು ಅಣ್ಣನ ಮಗಳು ಇದ್ದೇವೆ. ಅಪ್ಪ ತೀರಿಕೊಂಡು ಹತ್ತು ವರ್ಷ ದಾಟಿತು. ಹಿಂದಿನ ಮಳೆಗಾಲದಲ್ಲಿ ಮಾಡಿನ, ಅಂದರೆ ಸೂರಿನ, ಒಂದು ಕಡೆ ಹೆಂಚು ಹೊರುವ ಮರದ ಪಕ್ಕಾಸು ಕುಂಬಾಗಿ ಹೆಂಚು ಜಾರಿತ್ತು, ಒಳಗೆ ನಾಲ್ಕು ಕಡೆ ಪಾತ್ರೆ ಇಟ್ಟು ದಿನ ದೂಡಿದ್ದೆವು. ಅಣ್ಣ ಪೆರೋಲ್ ಅರ್ಜಿಯಲ್ಲಿ ಕೊಟ್ಟ ಕಾರಣವೂ ಅದೇ, ಮಳೆಗಾಲಕ್ಕೆ ಮುಂಚೆ ಮನೆ ರಿಪೇರಿ. ಜೊತೆಗೆ ಅವ್ವನ ಆರೋಗ್ಯ.

ಅರ್ಜಿ ಜೈಲಿಗೆ ಹೋದ ಮೇಲೆ ವರದಿಗೆ ಅಂತ ನಮ್ಮ ಠಾಣೆಗೆ ಬರುತ್ತದೆ. ಪೊಲೀಸರು ಮನೆಗೆ ಬಂದು ನೋಡಿದರು, ಅಕ್ಕಪಕ್ಕದವರನ್ನು ಕೇಳಿದರು, ಸತ್ತವರ ಮನೆಯವರನ್ನೂ ಕೇಳಿದರು. ಅವರು ಬರುವ ಮುಂಚೆ ನಾನೊಂದು ತಪ್ಪು ಮಾಡಲು ಹೊರಟಿದ್ದೆ. ಅಣ್ಣ ಬರುವಾಗ ಮನೆ ಚೆನ್ನಾಗಿರಲಿ ಅಂತ ಹೆಂಚು, ರೀಪು ಎಲ್ಲ ತಂದು ಆಳುಗಳಿಗೂ ಹೇಳಿ ಇಟ್ಟಿದ್ದೆ. ನಮ್ಮ ವಕೀಲರು ತಡೆದರು. "ರಿಪೇರಿಗೆ ಅಂತ ಅರ್ಜಿ ಕೊಟ್ಟು ನೀವೇ ರಿಪೇರಿ ಮಾಡಿಬಿಟ್ಟರೆ ಅವನು ಯಾಕೆ ಬರಬೇಕು ಅಂತ ಕೇಳ್ತಾರೆ" ಅಂದರು. ನಾನು ಆಗ ಅದನ್ನು ಬರೀ ಕಾಗದದ ಮಾತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಮಾಡನ್ನು ಹಾಗೇ ಬಿಟ್ಟದ್ದೇ ನಾವು ಮಾಡಿದ ದೊಡ್ಡ ಸಿದ್ಧತೆ ಅಂತ. ಅದನ್ನು ಮುಂದೆ ಹೇಳುತ್ತೇನೆ.

ಜಾಮೀನಿನ ವಿಷಯ ಕೊಡಗಿನವರು ಮೊದಲೇ ನೋಡಿಕೊಳ್ಳಬೇಕು. ಜಾಮೀನು ನಿಲ್ಲುವವರ ಹೆಸರಿನಲ್ಲಿ ಪಹಣಿ ಇರಬೇಕು ಅಂದರು. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆಮಾರಿನಿಂದ ಕುಟುಂಬಕ್ಕೆ ಬಂದ ಹಿಡುವಳಿ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಪಟ್ಟೇದಾರ, ಅಂದರೆ ಕುಟುಂಬದ ಯಜಮಾನ, ಅಂತ ಇದೆ. ಇಲ್ಲಿ ಎಷ್ಟೋ ಮನೆಗಳದ್ದು ಇದೇ ಕಥೆ ಅಲ್ವಾ. ತೋಟ ಕಣ್ಣೆದುರಿಗೇ ಇದ್ದರೂ ಕಾಗದದಲ್ಲಿ ನಮ್ಮ ಹೆಸರಿಲ್ಲ. ಕೊನೆಗೆ ಸೋದರಮಾವ ತಮ್ಮ ಹೆಸರಿನ ಪಹಣಿ, ಆಧಾರ್ ಹಿಡಿದುಕೊಂಡು ಮೈಸೂರಿಗೆ ಬಂದು ಮುಚ್ಚಳಿಕೆ ಬರೆದುಕೊಟ್ಟರು. ಇದಕ್ಕೇ ಹದಿನೈದು ದಿನ ಓಡಾಡಿದ್ದೇವೆ. ಆದೇಶ ಬಂದ ಮೇಲೆ ಹುಡುಕಲು ಹೊರಟರೆ ಸುಮ್ನೆ ದಿನ ಹೋಗುತ್ತದೆ.

ಇನ್ನು ಕೋವಿ. ನಮ್ಮ ಮನೆಯಲ್ಲಿ ಒಂದು ಕೋವಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಹಾಗಾಗಿ ನಮ್ಮಲ್ಲಿ ಕೋವಿ ಅಂದರೆ ಮನೆಯ ಒಂದು ವಸ್ತು, ಆಯುಧ ಪೂಜಿಸುವ ಕೈಲ್ ಮುಹೂರ್ತ ಹಬ್ಬಕ್ಕೆ ಪೂಜೆಗೆ ಇಡುತ್ತೇವೆ, ಸುಗ್ಗಿ ಹಬ್ಬ ಹುತ್ತರಿಗೆ ಗುಂಡು ಹಾರಿಸುತ್ತೇವೆ. ಆದರೆ ಕೊಲೆ ಕೇಸಿನಲ್ಲಿ ಶಿಕ್ಷೆ ಆದವನು ಮನೆಗೆ ಬರುವಾಗ ಅದು ಗೋಡೆಯ ಮೇಲೆ ಇರಬಾರದು. ಯಾರೂ ನಮಗೆ ಹೇಳಿರಲಿಲ್ಲ. ನಾನೇ ವಾರ ಮುಂಚೆ ಠಾಣೆಗೆ ಕೊಟ್ಟು ರಸೀದಿ ಇಟ್ಟುಕೊಂಡೆ. ಅವ್ವನಿಗೆ ಬೇಜಾರಾಯಿತು. ಹಲಸು ಹಣ್ಣಾಗುವ ಕಾಲ, ಆನೆ ಅಂಗಳಕ್ಕೆ ಬಂದರೆ ಹೆದರಿಸುವುದು ಹೇಗೆ ಅಂತ ಕೇಳಿದರು. ಪಟಾಕಿ ತಂದಿಟ್ಟೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ, ನೀವೂ ಕೇಳಬೇಡಿ.

ಎಲ್ಲಕ್ಕಿಂತ ಕಷ್ಟ ಆದದ್ದು ಗದ್ದೆಯ ಆಚೆ ಬದಿಯ ಮನೆ. ಸತ್ತವರ ಅವ್ವ, ತಮ್ಮ ಅಲ್ಲೇ ಇದ್ದಾರೆ. ನಾನೇ ಹೋಗಿ ಮಾತಾಡೋಣ ಅಂದುಕೊಂಡಿದ್ದೆ, ಹೋಗದೇ ಇದ್ದದ್ದು ಒಳ್ಳೆಯದಾಯಿತು. ಎರಡೂ ಮನೆಗೆ ಬೇಕಾದ ಒಬ್ಬ ಹಿರಿಯರ ಹತ್ತಿರ ಹೇಳಿ ಕಳಿಸಿದೆವು. ಕ್ಷಮೆ ಕೇಳಲು ಅಲ್ಲ, ಒಪ್ಪಿಗೆ ಕೇಳಲೂ ಅಲ್ಲ. ಇಂಥ ದಿನ ಬರುತ್ತಾನೆ, ಇಂಥ ದಿನ ಹೋಗುತ್ತಾನೆ, ಅಷ್ಟೇ. ಅವರು ಅದನ್ನು ಅಂಗಡಿಯಲ್ಲಿ ಯಾರದೋ ಬಾಯಿಂದ ಕೇಳಬಾರದು ಅನ್ನುವುದು ನಮ್ಮ ಮನಸ್ಸಿನಲ್ಲಿತ್ತು. ಆ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗದ್ದೆ ದಾರೀಲಿ ಬರಬಾರದು" ಅಂತ ಮಾತ್ರ ಹೇಳಿದರಂತೆ. 30 ದಿನವೂ ಅಣ್ಣ ಆ ದಾರಿ ತುಳಿಯಲಿಲ್ಲ. ಬಸ್ಸಿಗೆ ಹೋಗಬೇಕಾದರೂ ತೋಟದ ಮೇಲಿನಿಂದ ಸುತ್ತಿ ಹೋದ. ಆ ತಿಂಗಳು ಮದುವೆಗಳ ಕಾಲ, ಕರೆಯೋಲೆ ನಾಲ್ಕೈದು ಇತ್ತು, ಒಂದಕ್ಕೂ ಅವನನ್ನು ಕರೆದುಕೊಂಡು ಹೋಗಲಿಲ್ಲ.

ಮಗಳ ವಿಷಯದಲ್ಲಿ ನಾವು ಮೊದಲೇ ತಪ್ಪಿದ್ದೆವು. ಅವಳಿಗೆ ಎಂಟು ವರ್ಷ. ಅಪ್ಪ ಮುಂಬೈಯಲ್ಲಿ ಕೆಲಸದಲ್ಲಿದ್ದಾರೆ ಅಂತ ಹೇಳಿಕೊಂಡು ಬಂದಿದ್ದೆವು. ಅವನು ಬರುವುದಕ್ಕೆ ಇಪ್ಪತ್ತು ದಿನ ಇರುವಾಗ ಅತ್ತಿಗೆ ಅವಳನ್ನು ಕೂರಿಸಿಕೊಂಡು ನಿಜ ಹೇಳಿದರು. ಅಪ್ಪ ಜೈಲಿನಲ್ಲಿದ್ದಾರೆ, ಒಂದು ದೊಡ್ಡ ತಪ್ಪು ಮಾಡಿದ್ದಾರೆ, ಒಂದು ತಿಂಗಳಿಗೆ ಬಂದು ಮತ್ತೆ ಹೋಗುತ್ತಾರೆ. ಮಗು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೇ ದಿನ ಕೇಳಿದ್ದು, "ಅಪ್ಪನಿಗೆ ಸೈಕಲ್ ಬಿಡಲು ಬರ್ತದಾ?" ಅಂತ. ಮೊದಲೇ ಹೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ವಾರಕ್ಕೊಂದು ಸಲ ಠಾಣೆಗೆ ಹೋಗಿ ಸಹಿ ಹಾಕಬೇಕು ಅಂತ ಆದೇಶದಲ್ಲಿತ್ತು. ಮನೆಯಲ್ಲಿ ಅದನ್ನು ಮಗುವಿನಿಂದ ಮುಚ್ಚಿಡಲು ಆಗುತ್ತಿರಲಿಲ್ಲ.

ಕರೆದುಕೊಂಡು ಬರಲು ನಾನು, ಮಾವ ಕಾರಿನಲ್ಲಿ ಹೋದೆವು. ಹಳೇ ಪ್ಯಾಂಟ್ ತಗೊಂಡು ಹೋಗಿದ್ದೆ, ಸೊಂಟದಲ್ಲಿ ನಿಲ್ಲಲಿಲ್ಲ. ಪಂಚೆ ತಗೊಂಡು ಹೋಗಿ. ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೆ ಕಿಟಕಿಯಾಚೆ ನೋಡುತ್ತ ಕೂತಿದ್ದ. ಕುಶಾಲನಗರ ಬಿಟ್ಟು ತಿರುವುಗಳು ಶುರುವಾದ ಮೇಲೆ ವಾಂತಿ. ಏಳು ವರ್ಷ ಗಾಡಿಯಲ್ಲಿ ಇಷ್ಟು ದೂರ ಕೂತಿಲ್ಲ ಅನ್ನುವುದು ನಮಗೆ ಹೊಳೆದೇ ಇರಲಿಲ್ಲ. ಎರಡು ಕಡೆ ನಿಲ್ಲಿಸಿದೆವು. ಮನೆಯಲ್ಲಿ ಅವ್ವ ಪಂದಿ ಕರಿ, ಕಡಂಬುಟ್ಟು ಮಾಡಿ ಕಾಯುತ್ತಿದ್ದರು. ತಿಂದ, ರಾತ್ರಿಯೆಲ್ಲ ಹೊಟ್ಟೆನೋವು. ಅಷ್ಟು ಖಾರ, ಎಣ್ಣೆ ಅವನ ಹೊಟ್ಟೆಗೆ ಅಭ್ಯಾಸ ತಪ್ಪಿತ್ತು. ಮೊದಲ ಎರಡು ಮೂರು ದಿನ ಗಂಜಿ, ಅನ್ನ ಸಾರು ಸಾಕು. ಹಬ್ಬದ ಅಡುಗೆ ಆಮೇಲೆ ಮಾಡಿ.

ಅವನಿಗೆ ಅಂತ ಒಂದು ಕೋಣೆ ಬಿಟ್ಟುಕೊಟ್ಟಿದ್ದೆವು. ಹೊಸ ಮಂಚ, ಹೊಸ ಹಾಸಿಗೆ. ಮಂಚದ ಮೇಲೆ ಮಲಗಲಿಲ್ಲ, ಕೆಳಗೆ ಚಾಪೆ ಹಾಸಿಕೊಂಡ. ಮಾರನೇ ದಿನ ಬೆಳಿಗ್ಗೆ ಏಳು ಗಂಟೆಯಾದರೂ ಹೊರಗೆ ಬರಲಿಲ್ಲ. ನಿದ್ದೆ ಮಾಡಲಿ ಅಂತ ನಾವೂ ಕರೆಯಲಿಲ್ಲ. ಆಮೇಲೆ ನಾನು ಕಾಫಿ ತಗೊಂಡು ಬಾಗಿಲು ತಳ್ಳಿದೆ. ಕಂಬಳಿ ನಾಲ್ಕು ಮಡಿಕೆ ಮಾಡಿ ಪಕ್ಕದಲ್ಲಿಟ್ಟು, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಬಾಗಿಲ ಕಡೆ ಮುಖ ಮಾಡಿ ನೆಲದ ಮೇಲೆ ಕೂತಿದ್ದ. "ಯಾವಾಗ ಎದ್ದೆ ಅಣ್ಣ?" ಅಂದೆ. "ಐದೂವರೆಗೆ" ಅಂದ. "ಮತ್ತೆ ಯಾಕೆ ಹೊರಗೆ ಬರಲಿಲ್ಲ?" ಅಂದೆ. ಅವನು ಬಾಗಿಲು ನೋಡಿದ, ನನ್ನನ್ನು ನೋಡಿದ. ಬಾಗಿಲಿಗೆ ಚಿಲಕವೇ ಹಾಕಿರಲಿಲ್ಲ. ಯಾರಾದರೂ ಬಂದು ತೆರೆಯುತ್ತಾರೆ ಅಂತ ಕಾಯುತ್ತಿದ್ದ. ಜೈಲಿನಲ್ಲಿ ಸಂಜೆ ಬ್ಯಾರಕ್‌ಗೆ ಬೀಗ ಬಿದ್ದರೆ ಬೆಳಿಗ್ಗೆ ತೆರೆಯುವವರೆಗೆ ಒಳಗೇ, ಏಳು ವರ್ಷ ಅದೇ. ಆವತ್ತಿನಿಂದ ಆ ಬಾಗಿಲಿಗೆ ಒಂದು ಕಲ್ಲು ಅಡ್ಡ ಇಟ್ಟು ತೆರೆದೇ ಬಿಟ್ಟೆವು.

ಕತ್ತಲೆಯೂ ಹಾಗೇ. ಅಲ್ಲಿ ರಾತ್ರಿಯಿಡೀ ಲೈಟ್ ಉರಿಯುತ್ತದಂತೆ. ನಮ್ಮಲ್ಲಿ ಗಾಳಿ ಸ್ವಲ್ಪ ಜಾಸ್ತಿ ಬಂದರೆ ಕರೆಂಟ್ ಹೋಗುತ್ತದೆ, ಆಮೇಲೆ ಕೈ ಕಾಣದಷ್ಟು ಕತ್ತಲೆ. ಒಂದು ಜೀರೋ ಬಲ್ಬ್, ಒಂದು ಚಾರ್ಜಿಂಗ್ ಲೈಟ್ ತಂದು ಹಾಕಿದೆ. ಊಟ ಸಂಜೆ ಆರಕ್ಕೇ ಬೇಕು ಅನಿಸುತ್ತಿತ್ತು ಅವನಿಗೆ, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಅವ್ವನೇ ಗೊತ್ತುಮಾಡಿಕೊಂಡು ಮನೆಯ ಊಟದ ಹೊತ್ತನ್ನೇ ಆರಕ್ಕೆ ತಂದರು. ನಮಗೇನೂ ತೊಂದರೆ ಆಗಲಿಲ್ಲ.

ಫೋನ್ ಮರೆಯಬೇಡಿ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ, ಕರೆಂಟ್ ಹೋದರೆ ಅದೂ ಇಲ್ಲ. ಠಾಣೆಯಿಂದ ಕರೆ ಬಂದು ಸಿಗದಿದ್ದರೆ ಅನುಮಾನಕ್ಕೆ ದಾರಿ. ನನ್ನದು, ಮಾವನದು, ಪಕ್ಕದ ಮನೆಯದು, ಮೂರು ನಂಬರ್ ಬರೆದುಕೊಟ್ಟಿದ್ದೆ.

ಅಣ್ಣನ ಸಹಿ, ಹೆಬ್ಬೆಟ್ಟು ಬೇಕಾದ ಕೆಲಸಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ರೇಷನ್ ಕಾರ್ಡಿನ ಇ-ಕೆವೈಸಿ, ಬ್ಯಾಂಕು, ಅಪ್ಪ ಕೊಂಡಿದ್ದ ಎರಡು ಎಕರೆಯ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ನಾಡಕಚೇರಿಗೆ ಎರಡು ಸಲ ಹೋದೆವು. ಮೊದಲ ವಾರ ಇದ್ಯಾವುದೂ ಬೇಡ, ಎರಡನೇ ವಾರಕ್ಕೆ ಇಟ್ಟುಕೊಳ್ಳಿ.

ಈಗ ಆ ಮಾಡಿನ ವಿಷಯ. ಮೊದಲ ನಾಲ್ಕು ದಿನ ಅಣ್ಣ ಮನೆಯಲ್ಲಿ ನೆಂಟನ ಹಾಗೆ ಕೂತಿದ್ದ. ಯಾರಾದರೂ ಬಂದರೆ ಎದ್ದು ನಿಲ್ಲುತ್ತಿದ್ದ. ನೀರು ಕುಡಿಯಲೂ ಕೇಳುತ್ತಿದ್ದ. ಐದನೇ ದಿನ ಏಣಿ ಇಟ್ಟು ನಾನು ಹೆಂಚು ಇಳಿಸಲು ಶುರುಮಾಡಿದೆ. ಕೆಳಗೆ ನಿಂತು ಒಂದೊಂದೇ ತಗೊಂಡು ಜೋಡಿಸಿದ. ಮಧ್ಯಾಹ್ನ ಆಗುವಾಗ, "ನೀನು ಇಳಿ, ಆ ಪಕ್ಕಾಸು ಹಾಗೆ ತೆಗೆದರೆ ಎಲ್ಲ ಬೀಳ್ತದೆ" ಅಂತ ಬೈದ. ಬೈದದ್ದು ಕೇಳಿ ಅವ್ವ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. ಬಿದಿರು ಕಡಿಯಬೇಕಿತ್ತು. ಕತ್ತಿ ಜಗಲಿಯ ಗೋಡೆಯಲ್ಲಿ ಸಿಕ್ಕಿಸಿತ್ತು. ಅದರ ಹತ್ತಿರ ಹೋದ, ಮುಟ್ಟಲಿಲ್ಲ. ತಿರುಗಿ ಅತ್ತಿಗೆಯನ್ನು ನೋಡಿ, "ತೆಗೀಲಾ?" ಅಂದ. ಅತ್ತಿಗೆ ತಾವೇ ಕತ್ತಿ ತೆಗೆದು ಹಿಡಿಯನ್ನು ಅವನ ಕಡೆ ಮಾಡಿ ಕೊಟ್ಟರು. ಸಂಜೆ ಕೆಲಸ ಮುಗಿದ ಮೇಲೆ ತೊಳೆದು ಅವರ ಕೈಗೇ ವಾಪಸ್ ಕೊಟ್ಟ. ದಿನವೂ ಹಾಗೇ ಮಾಡಿದ.

ಹದಿನೆಂಟು ದಿನ ಹಿಡಿಯಿತು. ಆಳು ಹಾಕಿದ್ದರೆ ಆರು ದಿನದ ಕೆಲಸ. ಮಗಳು ಕೆಳಗಿನಿಂದ ಹೆಂಚು ಎಣಿಸಿ ಕೊಡುತ್ತಿದ್ದಳು, ಅಪ್ಪ ಮಗಳಿಗೆ ಮಾತು ಶುರುವಾದದ್ದೇ ಅಲ್ಲಿ. ನಾವೆಲ್ಲ ಎದುರುಬದುರು ಕೂರಿಸಿ ಮಾತಾಡಿಸಲು ನೋಡಿದ್ದಾಗ ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಅದಕ್ಕೇ ಹೇಳುವುದು, ಮನೆಯನ್ನು ಪೂರ್ತಿ ಸಿದ್ಧ ಮಾಡಿಡಬೇಡಿ. ಸೌದೆ ಒಟ್ಟುವುದೋ, ಬೇಲಿಯೋ, ಕೊಟ್ಟಿಗೆಯೋ, ಅವರ ಕೈಗೆ ಸಿಗುವ ಒಂದು ಕೆಲಸ ಉಳಿಸಿಡಿ.

ವಾಪಸ್ ಹೋಗುವ ದಿನಕ್ಕೂ ಅವರು ಬಂದ ಮೊದಲ ದಿನವೇ ಸಿದ್ಧ ಆಗಿ. ಆ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಎಲ್ಲರಿಗೂ ಕಾಣುವ ಹಾಗೆ ಗುರುತು ಹಾಕಿದ್ದೆವು. ತಡ ಆದರೆ ಅವನಿಗೂ ಕಷ್ಟ, ಜಾಮೀನು ನಿಂತವರಿಗೂ ಕಷ್ಟ, ಮುಂದಿನ ಸಲ ಪೆರೋಲ್ ಕೇಳುವ ಮುಖವೂ ಇರುವುದಿಲ್ಲ. ಜೂನ್ ಮೊದಲ ವಾರ ಅಂದರೆ ಮಳೆ ಶುರು, ಎಲ್ಲಿ ಮರ ಬಿದ್ದು ರಸ್ತೆ ಮುಚ್ಚುತ್ತದೋ ಹೇಳಲಾಗದು. ಅದಕ್ಕೆ ಹಿಂದಿನ ದಿನವೇ ಹೊರಟು ಮೈಸೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ಅಲ್ಲಿ ಉಳಿಯುವುದನ್ನು ಮೊದಲೇ ಠಾಣೆಯಲ್ಲಿ ಹೇಳಿದ್ದೆ. ಬೆಳಿಗ್ಗೆ ಸ್ನಾನ ಮಾಡಿ, ತಿಂಡಿ ತಿಂದು, ಹತ್ತು ಗಂಟೆಗೆ ಗೇಟಿನ ಹತ್ತಿರ ಇದ್ದೆವು. ತಿರುಗಿ ನೋಡದೆ ಒಳಗೆ ಹೋದ. ನನಗೆ ಅಳು ಬಂತು.

ಹೊರಡುವ ಹಿಂದಿನ ಸಂಜೆ ಉಳಿದ ಹೆಂಚುಗಳನ್ನೆಲ್ಲ ಬಚ್ಚಲ ಹಿಂದೆ ಸಾಲಾಗಿ ನಿಲ್ಲಿಸಿ ಮೇಲೆ ತಗಡು ಮುಚ್ಚಿದ್ದ. ಅರವತ್ತು ಇದ್ದಾವೆ. "ಕೊಟ್ಟಿಗೆಗೆ ಇಷ್ಟು ಸಾಕು, ನೀನು ಹಾಕಬೇಡ" ಅಂತ ನನಗೆ ಹೇಳಿದ್ದಾನೆ. ಕೊಟ್ಟಿಗೆ ಈ ಮಳೆಗಾಲ ಸೋರುತ್ತಿದೆ. ದನಗಳನ್ನು ಒಣಗಿದ ಕಡೆಗೆ ಸರಿಸಿ ಕಟ್ಟಿದ್ದೇವೆ.